ಟ್ರಾನ್ಸಿಷನ್ ಆದ ಮೇಲೆ ಮತ್ತೆ ಬ್ಯಾಂಡ್ ಸೇರಿದವರು ಇದ್ದೀರಾ?

ಮಂದ್ರ

ಎಲ್ಲರಿಗೂ ನಮಸ್ಕಾರ. ನಾನು ಬೇಸ್ ಗಿಟಾರ್ ನುಡಿಸುವವಳು. 16 ವರ್ಷದಿಂದ ನುಡಿಸುತ್ತಿದ್ದೇನೆ ಅಂತ ಬರೆಯಲು ಹೊರಟೆ, ಆದರೆ ಅದು ಪೂರ್ತಿ ನಿಜ ಅಲ್ಲ. 14 ವರ್ಷ ನುಡಿಸಿದೆ. ಕೊನೆಯ 2 ವರ್ಷ ಮುಟ್ಟಿಲ್ಲ.

ನಾನು ಟ್ರಾನ್ಸ್ ಮಹಿಳೆ. ಹಾರ್ಮೋನ್ ಶುರು ಮಾಡಿ 2 ವರ್ಷ ಆಯಿತು. ಹಳೆಯ ಬ್ಯಾಂಡಿನವರಿಗೆ ವಿಷಯ ಹೇಳಿದ ದಿನ ಯಾರೂ ಮುಖ ಗಂಟು ಹಾಕಲಿಲ್ಲ. ‘ಒಳ್ಳೆಯದಾಗಲಿ’ ಅಂದರು. ಒಬ್ಬ ತಬ್ಬಿಕೊಂಡ. ಆಮೇಲೆ ಪ್ರಾಕ್ಟೀಸ್ ಯಾವಾಗ ಅಂತ ಕೇಳಿದರೆ ‘ಈ ವಾರ ಇಲ್ಲ, ಹೇಳ್ತೀವಿ’ ಅನ್ನುತ್ತಿದ್ದರು. ಒಂದು ತಿಂಗಳಾದ ಮೇಲೆ ಅವರ ಫೋಟೊ ನೋಡಿದೆ. ಡ್ರಮ್ಸ್ ಪಕ್ಕ, ನಾನು ನಿಲ್ಲುತ್ತಿದ್ದ ಜಾಗದಲ್ಲಿ ಬೇರೆ ಯಾರೋ ಬೇಸ್ ಹಿಡಿದು ನಿಂತಿದ್ದರು. ‘ಬರಬೇಡ’ ಅಂತ ಯಾರೂ ಹೇಳಲಿಲ್ಲ. ‘ಬಾ’ ಅಂತಲೂ ಹೇಳಲಿಲ್ಲ. ಬೇಸನ್ನು ಕೇಸಿಗೆ ಹಾಕಿ ಜಿಪ್ ಎಳೆದೆ.

ಹೋದ ವಾರ ಹೊರಗೆ ತೆಗೆದೆ. ತಂತಿಗಳೆಲ್ಲ ತುಕ್ಕು ಹಿಡಿದು ಬೆರಳಿಗೆ ಕಂದು ಬಣ್ಣ ಹತ್ತಿತು. ಹೊಸ ತಂತಿ ಹಾಕಿ, ಶ್ರುತಿ ಮಾಡಿ, ದಪ್ಪ ತಂತಿಯನ್ನು ಒಂದು ಸಲ ಮೀಟಿದೆ. ಸದ್ದು ಹೊಟ್ಟೆಗೆ ಬಂದು ತಟ್ಟಿತು. ಅತ್ತುಬಿಟ್ಟೆ. ಮತ್ತೆ ನಾಲ್ಕು ಜನರ ಜೊತೆ ಕೂಡಿ ನುಡಿಸಬೇಕು ಅಂತ ತುಂಬಾ ಆಸೆ ಆಗುತ್ತಿದೆ.

ಅದಕ್ಕೇ ಕೇಳುತ್ತಿದ್ದೇನೆ. ಬೇಸಿನ ಮೇಲಿನ ಅಂಚು ಸರಿಯಾಗಿ ಎದೆಯ ಮೇಲೆ ಬಂದು ಒತ್ತುತ್ತದೆ, ಹತ್ತು ನಿಮಿಷಕ್ಕೇ ನೋವು ಶುರು. ಎಡಗೈ ಬೇಗ ಸೋಲುತ್ತದೆ. ಇದು ಅಭ್ಯಾಸ ತಪ್ಪಿದ್ದಕ್ಕೋ, ಹಾರ್ಮೋನಿಗೋ ಗೊತ್ತಾಗುತ್ತಿಲ್ಲ. ಇನ್ನೊಂದು, ‘ಬೇಸಿಸ್ಟ್ ಬೇಕಾಗಿದ್ದಾರೆ’ ಅನ್ನುವ ಜಾಹೀರಾತಿಗೆ ಉತ್ತರ ಬರೆಯುವಾಗ ಮೊದಲೇ ಹೇಳಿಬಿಡಬೇಕಾ, ಆಮೇಲೆ ಹೇಳಿದರೆ ಸಾಕಾ? ಮತ್ತೆ ನನ್ನ ಧ್ವನಿ ಇನ್ನೂ ಕೆಳಗೇ ಇದೆ. ಮೊದಲು ಹಿನ್ನೆಲೆಗೆ ದನಿಗೂಡಿಸುತ್ತಿದ್ದೆ. ಈಗ ಮೈಕಿನ ಮುಂದೆ ಬಾಯಿ ತೆರೆಯಲು ಭಯ.

ಒಂಟಿತಂತಿ

ತಂಗಿ, ಮೊದಲು ಆ ನೋವಿನ ವಿಷಯ. ನಾನು ಗಿಟಾರ್ ನುಡಿಸುತ್ತೇನೆ, ಹಾರ್ಮೋನ್ ಶುರು ಮಾಡಿ 11 ವರ್ಷ. ಮೊದಲ ಎರಡು ಮೂರು ವರ್ಷ ಎದೆ ಬೆಳೆಯುವಾಗ ಹಾಗೇ ನೋಯುತ್ತದೆ. ಆಮೇಲೆ ನನಗೆ ಕಡಿಮೆ ಆಯಿತು. ಅಲ್ಲಿಯವರೆಗೆ ಸ್ಟ್ರಾಪ್ ಉದ್ದ ಮಾಡಿ ವಾದ್ಯವನ್ನು ಎರಡು ಬೆರಳಷ್ಟು ಕೆಳಗೆ ಇಳಿಸು. ಅಂಚು ಎದೆಯ ಕೆಳಗೆ, ಪಕ್ಕೆಲುಬಿನ ಮೇಲೆ ಕೂರಬೇಕು. ಜಾಸ್ತಿ ಇಳಿಸಿದರೆ ಎಡ ಮಣಿಕಟ್ಟು ಮಡಚಿಕೊಂಡು ಬೇರೆ ನೋವು ಬರುತ್ತದೆ, ಅದನ್ನು ನೋಡಿಕೋ. ಅಗಲದ ಸ್ಟ್ರಾಪ್ ತಗೋ. ಹಿಂಬದಿ ಹೊಟ್ಟೆಯ ಕಡೆ ಕೆತ್ತಿ ಬಾಗಿಸಿರುವ ಬಾಡಿ ಇದ್ದರೆ ಇನ್ನೂ ಒಳ್ಳೆಯದು. ನನ್ನ ಹಳೆಯ ಗಿಟಾರಿನ ಅಂಚು ಚೌಕ. ಅದಕ್ಕೆ ಮೆತ್ತನೆ ಸ್ಪಂಜಿನ ಪಟ್ಟಿ ಅಂಟಿಸಿ ಎರಡು ವರ್ಷ ನುಡಿಸಿದೆ. ನೋಡಲು ಚೆನ್ನಾಗಿರಲಿಲ್ಲ, ನುಡಿಸಲು ಚೆನ್ನಾಗಿತ್ತು.

ಕೈ ಸೋಲುವುದಕ್ಕೆ ನೀನು ಹೇಳಿದ ಎರಡೂ ಕಾರಣ ಇರಬಹುದು. ಟೆಸ್ಟೋಸ್ಟೆರೋನ್ ಇಳಿದರೆ ಸ್ನಾಯುವಿನ ಬಲ ನಿಧಾನಕ್ಕೆ ಇಳಿಯುತ್ತದೆ, ಅದು ನಿಜ. ಆದರೆ ಎಲುಬು ಚಿಕ್ಕದಾಗುವುದಿಲ್ಲ. ನಿನ್ನ ಬೆರಳು ಎಲ್ಲಿಗೆ ಎಟುಕುತ್ತಿತ್ತೋ ಈಗಲೂ ಅಲ್ಲಿಗೇ ಎಟುಕುತ್ತದೆ. ಬಲದಲ್ಲಿ ಒತ್ತುತ್ತಿದ್ದವರು ಈಗ ಕಡಿಮೆ ಒತ್ತಲು ಕಲಿಯಬೇಕು. ತಂತಿಯ ಎತ್ತರ ಇಳಿಸು, ಒಂದು ಗೇಜ್ ತೆಳು ತಂತಿ ಹಾಕು. ಅಷ್ಟಕ್ಕೂ ಆಗದಿದ್ದರೆ ಶಾರ್ಟ್ ಸ್ಕೇಲ್ ಬೇಸ್ ಇದೆ. ಮಾಮೂಲಿ ಬೇಸ್ 34 ಇಂಚು, ಅದು 30 ಇಂಚು. ತಂತಿ ಸಡಿಲ ಇರುತ್ತದೆ, ಫ್ರೆಟ್‌ಗಳ (ತಂತಿ ಒತ್ತುವ ಮನೆಗಳ) ನಡುವೆ ದೂರವೂ ಕಡಿಮೆ.

ಹೇಳುವ ವಿಷಯಕ್ಕೆ ಬಂದರೆ, ನಾನು ಮೊದಲ ಮೆಸೇಜಿನಲ್ಲೇ ಹೇಳುತ್ತೇನೆ. ‘ನಾನು ಟ್ರಾನ್ಸ್ ಮಹಿಳೆ, 20 ವರ್ಷದಿಂದ ಗಿಟಾರ್ ನುಡಿಸುತ್ತೇನೆ, ರೆಕಾರ್ಡಿಂಗ್ ಜೊತೆಗಿದೆ.’ ಒಂದೇ ಸಾಲು. ಬೇಡದವರು ಉತ್ತರ ಬರೆಯುವುದಿಲ್ಲ. ಅವರ ಮನೆತನಕ ಆಂಪ್ ಹೊತ್ತುಕೊಂಡು ಹೋಗಿ ಅವರ ಮುಖ ನೋಡುವುದಕ್ಕಿಂತ ಇದು ಎಷ್ಟೋ ಮೇಲು.

ತಾಳಮೇಳ

ಒಂಟಿತಂತಿ ಅಕ್ಕನ ಮಾತಿಗೆ ನನ್ನ ಒಪ್ಪಿಗೆ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಾನು ಡ್ರಮ್ಮರ್, ಟ್ರಾನ್ಸ್ ಪುರುಷ. ಮೊದಲು ನುಡಿಸುತ್ತೇನೆ, ಆಮೇಲೆ ಹೇಳುತ್ತೇನೆ. ಮೂರು ಹಾಡು ಒಟ್ಟಿಗೆ ನುಡಿಸಿದ ಮೇಲೆ ಅವರಿಗೆ ನನ್ನ ಬಗ್ಗೆ ಒಂದು ವಿಷಯ ಗೊತ್ತಿರುತ್ತದೆ: ನಾನು ತಾಳ ಬಿಡುವುದಿಲ್ಲ. ಉಳಿದದ್ದು ಅದರ ಮೇಲೆ ಬಂದು ಕೂರಲಿ. ಮೊದಲೇ ಹೇಳಿದರೆ ನನ್ನ ಡ್ರಮ್ಸ್ ಕೇಳುವ ಮೊದಲೇ ನನ್ನನ್ನು ನೋಡಲು ಶುರು ಮಾಡುತ್ತಾರೆ.

ಆದರೆ ಒಂದು ಷರತ್ತು. ಹೋಗುವ ಜಾಗ ಯಾವುದು, ಯಾರ ಜೊತೆ ಅನ್ನುವುದು ನಿಮ್ಮ ಒಬ್ಬ ಸ್ನೇಹಿತರಿಗಾದರೂ ಗೊತ್ತಿರಬೇಕು. ಗುರುತಿಲ್ಲದವರ ಮನೆಯ ನೆಲಮಾಳಿಗೆಯಲ್ಲಿ ಪ್ರಾಕ್ಟೀಸ್ ಅಂದರೆ ನಾನು ಮೊದಲ ಸಲ ಒಬ್ಬನೇ ಹೋಗುವುದಿಲ್ಲ. ಬಾಡಿಗೆ ರೂಮಿನಲ್ಲಿ ಸಿಗೋಣ ಅನ್ನುತ್ತೇನೆ.

ದೇಹದ ವಿಷಯಕ್ಕೆ ನನ್ನದೂ ಒಂದು ಅನುಭವ. ಎದೆಯ ಶಸ್ತ್ರಚಿಕಿತ್ಸೆ ಆದ ಮೇಲೆ ಡಾಕ್ಟರು 6 ವಾರ ಭಾರ ಎತ್ತಬೇಡ, ತೋಳು ಭುಜದ ಮೇಲೆ ಎತ್ತಬೇಡ ಅಂದರು. ಡ್ರಮ್ಮರಿಗೆ ಅಂಥ ಮಾತು ಅಂದರೆ ಬಾಯಿ ಕಟ್ಟಿದ ಹಾಗೆ. ಎರಡನೇ ವಾರದಿಂದ ಕುರ್ಚಿ ಮೇಲೆ ಕೂತು ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಬರೀ ಕಾಲಿನ ಅಭ್ಯಾಸ ಮಾಡಿದೆ. ಬಲಗಾಲಿಗೆ ಕಿಕ್ (ದೊಡ್ಡ ಡ್ರಮ್), ಎಡಗಾಲಿಗೆ ಹೈಹ್ಯಾಟ್ (ಜೋಡಿ ತಾಳ), ಲಯ ಎಣಿಸುವ ಮೆಟ್ರೊನೋಮ್ 60ಕ್ಕೆ. ದಿನಾ ಅರ್ಧ ಗಂಟೆ. ಮತ್ತೆ ಕಿಟ್ ಮೇಲೆ ಕೂತಾಗ ನಮ್ಮ ಬೇಸಿಸ್ಟ್ ಮೊದಲ ಹಾಡಿನ ಮಧ್ಯೆ ತಿರುಗಿ ನನ್ನ ಕಾಲು ನೋಡಿದ. ಕಿಕ್ ಮೊದಲಿಗಿಂತ ಗಟ್ಟಿಯಾಗಿ, ಸರಿಯಾಗಿ ಅವನ ಸ್ವರದ ಜೊತೆಗೇ ಬೀಳುತ್ತಿತ್ತು.

ಹೊಸಗಂಟಲು

ಧ್ವನಿ ಬಗ್ಗೆ ನಾನು ಬರೆಯುತ್ತೇನೆ. ಸ್ವಲ್ಪ ಉದ್ದ ಆಗಬಹುದು, ಯಾಕಂದರೆ ನಾನು ಅದರಲ್ಲೇ ಮುಳುಗಿ ಎದ್ದವನು.

ನಾನು ಹಾಡುಗಾರ. ಟ್ರಾನ್ಸ್ ಪುರುಷ. ನನ್ನ ಹಳೆಯ ಧ್ವನಿ ಎತ್ತರದ್ದು, ಜನಕ್ಕೆ ಇಷ್ಟ ಆಗುತ್ತಿತ್ತು. ಟೆಸ್ಟೋಸ್ಟೆರೋನ್ ಗಂಟಲಿನ ಧ್ವನಿತಂತುಗಳನ್ನು ದಪ್ಪ ಮಾಡುತ್ತದೆ. ದಪ್ಪ ಆದ ತಂತಿ ಕೆಳಗಿನ ಸ್ವರ ಕೊಡುತ್ತದೆ, ಗಿಟಾರಿನ ಹಾಗೆಯೇ. ಒಂದು ಸಲ ದಪ್ಪ ಆದರೆ ಹಾರ್ಮೋನ್ ಬಿಟ್ಟರೂ ತೆಳು ಆಗುವುದಿಲ್ಲ. ಮಂದ್ರ ಅವರೇ, ನಿಮ್ಮ ಧ್ವನಿ ಕೆಳಗೇ ಇರುವುದೂ ಅದೇ ಕಾರಣಕ್ಕೆ. ನೀವು ತಗೊಳ್ಳುವ ಹಾರ್ಮೋನ್, ಈಸ್ಟ್ರೋಜನ್, ಧ್ವನಿಯನ್ನು ಮೇಲೆತ್ತುವುದಿಲ್ಲ. ಏನಾದರೂ ಬದಲಾದರೆ ಅದು ಅಭ್ಯಾಸದಿಂದ.

ನನಗೆ ಮೂರನೇ ತಿಂಗಳಲ್ಲಿ ಶುರುವಾಯಿತು. ಒಂದು ಸಂಜೆ ನೂರಾರು ಸಲ ಹಾಡಿದ ಹಾಡಿನ ಮೇಲಿನ ಸ್ವರಕ್ಕೆ ಹೋದೆ. ಅಲ್ಲಿ ಏನೂ ಇರಲಿಲ್ಲ. ಕತ್ತಲಲ್ಲಿ ಇನ್ನೊಂದು ಮೆಟ್ಟಿಲು ಇದೆ ಅಂತ ಕಾಲಿಟ್ಟು ಮುಗ್ಗರಿಸುತ್ತೇವಲ್ಲ, ಹಾಗೆ. ಬರೀ ಗಾಳಿ ಬಂತು. ಗಿಟಾರಿಸ್ಟ್ ನುಡಿಸುವುದನ್ನು ನಿಲ್ಲಿಸಲಿಲ್ಲ, ಆ ಸಾಲನ್ನು ಅವನೇ ಗಿಟಾರಿನಲ್ಲಿ ನುಡಿಸಿ ಮುಗಿಸಿದ. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಆಮೇಲೆ ಹೆಚ್ಚುಕಡಿಮೆ ಒಂದು ವರ್ಷ ಧ್ವನಿ ಒಡೆಯುತ್ತಲೇ ಇತ್ತು. ಕಳ್ಳದನಿ (ಮೇಲಿನ ಸ್ವರಕ್ಕೆ ಬಳಸುವ ತೆಳು ದನಿ, ಫಾಲ್ಸೆಟೊ) ಪೂರ್ತಿ ಮಾಯ. ಆ ಸಮಯದಲ್ಲಿ ನಾವು ಮಾಡಿದ್ದು ಇಷ್ಟು: ಪ್ರತಿ ತಿಂಗಳು ಎಲ್ಲ ಹಾಡುಗಳ ಶ್ರುತಿ ಹೊಸದಾಗಿ ಗೊತ್ತು ಮಾಡಿದೆವು. ಒಂದು ಹಾಡು ನಾಲ್ಕು ಸಲ ಕೆಳಗಿಳಿಯಿತು. ಕೆಲವನ್ನು ಇಳಿಸಿದರೆ ಸತ್ತ ಹಾಗೆ ಕೇಳುತ್ತಿತ್ತು, ಅವನ್ನು ಸುಮ್ನೆ ಕೈಬಿಟ್ಟೆವು. ಹಟ ಮಾಡಿ ಮೇಲಕ್ಕೆ ಎಳೆಯಬೇಡ ಅಂತ ಹಾಡು ಕಲಿಸುವ ಗುರುಗಳು ಕಟ್ಟುನಿಟ್ಟಾಗಿ ಹೇಳಿದ್ದರು. ದಿನಾ ಒಂದು ಲೋಟ ನೀರಿನಲ್ಲಿ ಸ್ಟ್ರಾ ಇಟ್ಟು, ಗುಳುಗುಳು ಅನ್ನಿಸುತ್ತಾ ಅದರೊಳಗೆ ಒಂದು ಸ್ವರವನ್ನು ಮೆಲ್ಲಗೆ ಕೆಳಗಿಂದ ಮೇಲೆ, ಮೇಲಿಂದ ಕೆಳಗೆ ಜಾರಿಸುವುದು. ಗಂಟಲಿನ ಮೇಲೆ ಒತ್ತಡ ಬೀಳದೆ ತಂತುಗಳು ಕೂಡಿಕೊಳ್ಳಲು ಕಲಿಯುತ್ತವೆ. ಹದಿನಾಲ್ಕನೇ ತಿಂಗಳಲ್ಲಿ ಕಳ್ಳದನಿ ವಾಪಸ್ ಬಂತು. ಮೊದಲಿನ ಜಾಗದಲ್ಲಿ ಅಲ್ಲ, ಬೇರೆ ಕಡೆ, ಬೇರೆ ಬಣ್ಣದಲ್ಲಿ.

ಒಪೆರಾ ಹಾಡುವವರಲ್ಲಿ ಮೂರು ಜನರನ್ನು ನೋಡಿ. ಹೋಲ್ಡನ್ ಮಡಗೇಮ್ ಟ್ರಾನ್ಸ್ ಪುರುಷ, ಮೊದಲು ಮೆಜೊ ಸೊಪ್ರಾನೊ (ಹೆಂಗಸರ ನಡುವಿನ ಧ್ವನಿ) ಹಾಡುತ್ತಿದ್ದರು. ಟೆಸ್ಟೋಸ್ಟೆರೋನ್ ತಗೊಂಡು ಈಗ ಟೆನರ್, ಅಂದರೆ ಗಂಡಸರ ಎತ್ತರದ ಧ್ವನಿ. ಏಡ್ರಿಯನ್ ಆಂಜೆಲಿಕೊ ಕೂಡ ಟ್ರಾನ್ಸ್ ಪುರುಷ, ಆದರೆ ಅವರು ಮೆಜೊ ಧ್ವನಿಯನ್ನೇ ಉಳಿಸಿಕೊಂಡು ಗಂಡಸಾಗಿ ಅದೇ ಪಾತ್ರಗಳನ್ನು ಹಾಡುತ್ತಾರೆ. ಲುಸಿಯಾ ಲುಕಾಸ್ ಟ್ರಾನ್ಸ್ ಮಹಿಳೆ, ಧ್ವನಿ ಬ್ಯಾರಿಟೋನ್, ಅಂದರೆ ಟೆನರಿಗಿಂತ ಕೆಳಗಿನದು. 2019ರಲ್ಲಿ ಅಮೆರಿಕದ ಟಲ್ಸಾ ಒಪೆರಾದಲ್ಲಿ ಡಾನ್ ಜೋವಾನಿ ಅನ್ನುವ ಗಂಡಸಿನ ಪಾತ್ರ ಹಾಡಿದರು. ಮೂರು ಜನ, ಮೂರು ದಾರಿ. ಹಾಡಲು ಇಂಥದ್ದೇ ಧ್ವನಿ ಬೇಕು ಅಂತ ಮೂರು ಜನರಲ್ಲಿ ಯಾರಿಗೂ ಅನ್ನಿಸಿಲ್ಲ. ನೀವು ದಯವಿಟ್ಟು ಹಾಡಿ. ಬ್ಯಾಂಡಿನಲ್ಲಿ ಕೆಳಗಿನ ಸ್ವರ ಹಿಡಿಯುವವರು ಸಿಗುವುದೇ ಕಷ್ಟ.

ಮಂದ್ರ

ಹೊಸಗಂಟಲು ಅವರೇ, ನಿಮ್ಮ ಗಿಟಾರಿಸ್ಟ್ ಆ ಸಾಲನ್ನು ನುಡಿಸಿ ಮುಗಿಸಿದ್ದನ್ನು ಮೂರು ಸಲ ಓದಿದೆ. ನನಗೆ ಬೇಕಾಗಿರುವುದು ಅಂಥ ಬ್ಯಾಂಡು.

ಒಂದು ಕೇಳಲಾ? ಮಾತಾಡುವಾಗ ನಾನು ಅಭ್ಯಾಸ ಮಾಡಿ ಸ್ವಲ್ಪ ಮೇಲಿನ ಧ್ವನಿಯಲ್ಲಿ ಮಾತಾಡುತ್ತೇನೆ. ಹಾಡಿದರೆ ತಟ್ಟನೆ ಕೆಳಗೆ ಹೋಗುತ್ತೇನೆ. ಕೇಳಿದವರಿಗೆ ನಾನು ನಟಿಸುತ್ತಿದ್ದೇನೆ ಅನ್ನಿಸುವುದಿಲ್ಲವಾ?

ಹೊಸಗಂಟಲು

ಇಲ್ಲ. ಮಾತು ಬೇರೆ, ಹಾಡು ಬೇರೆ. ಎಷ್ಟೋ ಹೆಂಗಸರು ಮೆಲ್ಲಗೆ ಎತ್ತರದಲ್ಲಿ ಮಾತಾಡಿ ಹಾಡುವಾಗ ಮಂದ್ರಕ್ಕೆ ಇಳಿಯುತ್ತಾರೆ, ಅವರನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ ಅಲ್ವಾ? ನಿಮ್ಮ ಹೆಸರೇ ಮಂದ್ರ!

ಕಹಳೆ

ಊದುವ ವಾದ್ಯದವರ ಪರವಾಗಿ ಒಂದು ಎಚ್ಚರಿಕೆ. ನಾನು ನಾನ್‌ಬೈನರಿ, ಅಂದರೆ ಬರೀ ಗಂಡು ಅಥವಾ ಬರೀ ಹೆಣ್ಣು ಅಂತ ಗುರುತಿಸಿಕೊಳ್ಳದವರು. ಟ್ರಂಪೆಟ್ ನುಡಿಸುತ್ತೇನೆ. ಬೈಂಡರ್ (ಎದೆ ಚಪ್ಪಟೆಯಾಗಿ ಕಾಣಲು ಹಾಕುವ ಬಿಗಿ ಒಳಉಡುಪು) ಹಾಕಿಕೊಂಡು ಊದುವ ಹುಡುಗರು ಇದನ್ನು ಓದುತ್ತಿದ್ದರೆ ನಿಲ್ಲಿಸಿ. ಬೈಂಡರ್ ಪಕ್ಕೆಲುಬನ್ನು ಕಟ್ಟಿ ಹಿಡಿಯುತ್ತದೆ. ಟ್ರಂಪೆಟಿಗೆ ಪಕ್ಕೆ ಅಗಲ ಆಗಲೇಬೇಕು. ನಾನು ಒಂದು ಕಾರ್ಯಕ್ರಮದಲ್ಲಿ ಹಟಕ್ಕೆ ಬಿದ್ದು ಹಾಕಿಕೊಂಡು ನಿಂತೆ. ಉದ್ದದ ಸಾಲಿನ ಕೊನೆಯಲ್ಲಿ ಕಣ್ಣ ಮುಂದೆ ಚುಕ್ಕಿ ಕಾಣಿಸಿ, ಪಕ್ಕದವರ ಭುಜ ಹಿಡಿದುಕೊಂಡೆ. ಈಗ ನುಡಿಸುವಾಗ ಹಾಕುವುದಿಲ್ಲ. ಒಳಗೆ ಬಿಗಿ ಇಲ್ಲದ ಸ್ಪೋರ್ಟ್ಸ್ ಬ್ರಾ, ಮೇಲೆ ದಪ್ಪ ಬಟ್ಟೆಯ ಅಂಗಿ, ಅದರ ಮೇಲೆ ಗುಂಡಿ ಹಾಕದ ಜಾಕೆಟ್. ವಾದ್ಯ ಎತ್ತಿ ಹಿಡಿದರೆ ಎದೆ ಯಾರಿಗೂ ಕಾಣುವುದಿಲ್ಲ. ಬೇರೆ ಸಮಯದಲ್ಲೂ 8 ಗಂಟೆಗಿಂತ ಜಾಸ್ತಿ ಬೇಡ, ಬ್ಯಾಂಡೇಜ್ ಸುತ್ತಿಕೊಳ್ಳುವುದಂತೂ ಬೇಡವೇ ಬೇಡ.

ಹೇಳುವ ವಿಷಯದಲ್ಲಿ ನಾನು ನಡುವಿನವರು. ಬ್ಯಾಂಡಿನಲ್ಲಿ ಒಬ್ಬರಿಗೆ ಮೊದಲು ಹೇಳುತ್ತೇನೆ, ಸಾಮಾನ್ಯವಾಗಿ ಪ್ರಾಕ್ಟೀಸ್ ದಿನ ಗೊತ್ತು ಮಾಡುವವರಿಗೆ. ಉಳಿದವರಿಗೆ ಹೇಗೆ ಹೇಳಬೇಕು ಅಂತ ಅವರೇ ಹೇಳಿಕೊಡುತ್ತಾರೆ.

ನಾಲ್ಕೆಣಿಕೆ

ನಾನು ಟ್ರಾನ್ಸ್ ಅಲ್ಲ. ಬರೆಯಬಹುದಾ ಅಂತ ಎರಡು ದಿನ ಯೋಚನೆ ಮಾಡಿದೆ. ನಾವು ಐದು ಜನರ ಬ್ಯಾಂಡು, ನಾನು ನಡೆಸುವವನು. ನಮ್ಮ ಕೀಬೋರ್ಡ್ ನುಡಿಸುವವರು ಹೋದ ಶನಿವಾರ ಪ್ರಾಕ್ಟೀಸ್ ಮುಗಿದು ಕೇಬಲ್ ಸುತ್ತುವಾಗ ‘ಇನ್ಮೇಲೆ ನನ್ನನ್ನ ಹುಡುಗಿ ಅಂತ ಕರೀರಿ’ ಅಂದರು. ನಾವು ‘ಸರಿ’ ಅಂದೆವು. ಆಮೇಲೆ ಯಾರೂ ಆ ಮಾತು ಎತ್ತಿಲ್ಲ. ಮಂದ್ರ ಅವರ ಬರಹ ಓದಿ ನಿದ್ದೆ ಬರಲಿಲ್ಲ. ಅವರ ಹಳೆಯ ಬ್ಯಾಂಡಿನವರೂ ‘ಒಳ್ಳೆಯದಾಗಲಿ’ ಅಂದಿದ್ದರು. ನಾವು ಹಾಗೆ ಆಗಬಾರದು. ಏನು ಮಾಡಬೇಕು?

ಒಂಟಿತಂತಿ

ಈಗಲೇ ಫೋನ್ ಮಾಡಿ ‘ಗುರುವಾರ ಪ್ರಾಕ್ಟೀಸ್ ಇದೆ, ಬರ್ತೀಯಲ್ಲ?’ ಅನ್ನಿ. ನಿಜ ಹೇಳುತ್ತೇನೆ, ಅದಕ್ಕಿಂತ ದೊಡ್ಡ ಮಾತು ಬೇರೆ ಇಲ್ಲ.

ಆಮೇಲೆ ಒಂದಷ್ಟು ಕೇಳಿ. ಪೋಸ್ಟರಿನಲ್ಲಿ ಯಾವ ಹೆಸರು? ಹಳೆಯ ರೆಕಾರ್ಡಿಂಗಿನಲ್ಲಿ ಇರುವ ಹೆಸರು ಬದಲಾಯಿಸೋಣವಾ, ಹಾಗೇ ಇರಲಾ? ಹಾಡು ಹಾಕುವ ಆ್ಯಪ್‌ಗಳಲ್ಲಿ ಕಲಾವಿದರ ಹೆಸರನ್ನು ತಿದ್ದಿಸಬಹುದು, ಹಾಡು ಅಪ್‌ಲೋಡ್ ಮಾಡಿದ ಅಕೌಂಟಿನವರು ಕೇಳಬೇಕು. ಅಂದರೆ ಆ ಕೆಲಸ ನಿಮ್ಮದು, ಆಕೆಯದಲ್ಲ. ರಾಯಲ್ಟಿ ಅವರ ಕಾಗದಪತ್ರದ ಹೆಸರಿಗೇ ಬರುತ್ತಿದ್ದರೆ ಅದು ತಪ್ಪಿಹೋಗದ ಹಾಗೆ ನೋಡಿಕೊಳ್ಳಿ. ಪ್ರೇಕ್ಷಕರಲ್ಲಿ ಯಾರಾದರೂ ಕೂಗಿದರೆ ಯಾರು ಉತ್ತರ ಕೊಡುತ್ತಾರೆ ಅಂತ ಮೊದಲೇ ಮಾತಾಡಿಕೊಳ್ಳಿ. ಕೆಲವರಿಗೆ ತಾವೇ ಉತ್ತರ ಕೊಡಬೇಕು, ಕೆಲವರಿಗೆ ಡ್ರಮ್ಮರ್ ತಕ್ಷಣ ಮುಂದಿನ ಹಾಡಿಗೆ ಎಣಿಕೆ ಶುರು ಮಾಡಿದರೆ ಸಾಕು. ಬಟ್ಟೆ ಬದಲಾಯಿಸಲು ಚಿಲಕ ಇರುವ ಒಂದು ಕೋಣೆ ಇದೆಯಾ ಅಂತ ಕಾರ್ಯಕ್ರಮದವರನ್ನು ನೀವು ಕೇಳಿ.

ಇನ್ನೊಂದು ಇದೆ, ಅದು ನಮ್ಮ ಭಾಷೆಯದು. ‘ಅವರು ಬಂದರು’ ಅಂದರೆ ಯಾರಿಗೂ ತೊಂದರೆ ಇಲ್ಲ. ಆದರೆ ಬ್ಯಾಂಡಿನಲ್ಲಿ ಯಾರು ಹಾಗೆ ಮಾತಾಡುತ್ತಾರೆ? ‘ಬಾರೋ’, ‘ಲೋ’, ‘ಏನೋ ಮಾಡ್ತಿದೀಯ’. ನಾನು ಹೇಳಿದ ಮೇಲೆ ನನ್ನ ಸ್ನೇಹಿತರು ದಿಢೀರಂತ ‘ಬನ್ನಿ, ಕೂತ್ಕೊಳ್ಳಿ’ ಅನ್ನಲು ಶುರು ಮಾಡಿದರು. ಮರ್ಯಾದೆ ಕೊಡುತ್ತಿದ್ದೇವೆ ಅಂದುಕೊಂಡಿದ್ದರು. ನನಗೆ ಅದು ಬಾಗಿಲು ಹಾಕಿದ ಹಾಗಿತ್ತು. 12 ವರ್ಷದ ಗೆಳೆತನ ‘ನೀವು’ ಆಗಿಹೋಯಿತು. ನಾಲ್ಕು ತಿಂಗಳು ಹೀಗೇ ನಡೆಯಿತು. ಒಂದು ದಿನ ಸೌಂಡ್‌ಚೆಕ್‌ಗೆ ನಾನು ತಡ ಮಾಡಿದೆ. ನಮ್ಮ ಡ್ರಮ್ಮರ್ ವೇದಿಕೆಯಿಂದ ಕಿರುಚಿದ: ‘ಎಲ್ಲಿ ಸತ್ತಿದ್ಯೇ? ಬಾರೇ ಬೇಗ, ಟ್ಯೂನ್ ಮಾಡ್ಕೋ!’ ಹಾಲ್ ತುಂಬಾ ಕೇಳಿಸಿತು. ಗಿಟಾರ್ ಹಿಡಿದು ಓಡಿದೆ. ಅಷ್ಟು ಖುಷಿಯಾಗಿ ನಾನು ಯಾವತ್ತೂ ಟ್ಯೂನ್ ಮಾಡಿಲ್ಲ.

ಹಾಗಾಗಿ ಆಕೆಯನ್ನೇ ಕೇಳಿ. ‘ಕಣೋ’ ಬಿಟ್ಟು ‘ಕಣೇ’ ಅನ್ನಲಾ ಅಂತ ನೇರವಾಗಿ ಕೇಳಿ. ಬಾಯಿ ತಪ್ಪಿದರೆ ತಿದ್ದಿಕೊಂಡು ಮುಂದೆ ಹೋಗಿ. ಹತ್ತು ನಿಮಿಷ ಕ್ಷಮೆ ಕೇಳಬೇಡಿ, ಆಮೇಲೆ ಅವಳೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ.

ನಾಲ್ಕೆಣಿಕೆ

ಫೋನ್ ಮಾಡಿದೆ. ‘ನೀನು ಕೇಳ್ತೀಯ ಅಂತ ಕಾಯ್ತಾ ಇದ್ದೆ’ ಅಂದಳು. ಗುರುವಾರ ಬರುತ್ತಾಳೆ. ಥ್ಯಾಂಕ್ಸ್ ಅಕ್ಕ.

ಕಪ್ಪುಬಿಳಿ

ಈ ಚರ್ಚೆ ಓದುತ್ತಾ ಹಿಂದಿನವರು ನೆನಪಾದರು. ನಾನು ಪಿಯಾನೊ ಕಲಿಸುತ್ತೇನೆ, ಟ್ರಾನ್ಸ್ ಪುರುಷ.

ಬಿಲ್ಲಿ ಟಿಪ್ಟನ್ ಅಮೆರಿಕದ ಜಾಜ್ ಪಿಯಾನಿಸ್ಟ್, 1914ರಲ್ಲಿ ಹುಟ್ಟಿದವರು. ತಮ್ಮದೇ ಮೂರು ಜನರ ಬ್ಯಾಂಡ್ ಕಟ್ಟಿದ್ದರು. ಹುಡುಗಿಯಾಗಿ ಬೆಳೆದು, ಆಮೇಲೆ ಸುಮಾರು 50 ವರ್ಷ ಗಂಡಸಾಗಿಯೇ ಬದುಕಿದರು. 1989ರಲ್ಲಿ ತೀರಿಕೊಂಡ ಮೇಲಷ್ಟೇ ಉಳಿದವರಿಗೆ ವಿಷಯ ಗೊತ್ತಾಯಿತು. 1950ರ ದಶಕದ ಕೊನೆಯಲ್ಲಿ ಅವರ ಬ್ಯಾಂಡಿಗೆ ಒಂದು ದೊಡ್ಡ ಹೋಟೆಲಿನಲ್ಲಿ ಕಾಯಂ ಕೆಲಸ, ಜೊತೆಗೆ ಇನ್ನಷ್ಟು ಆಲ್ಬಂ ಮಾಡುವ ಅವಕಾಶ ಬಂದಿತ್ತು. ಅವರು ಬೇಡ ಅಂದು ಸ್ಪೊಕೇನ್ ಅನ್ನುವ ಊರಿಗೆ ಹೋಗಿ ನೆಲೆಸಿದರು. ಬೆಳಕು ಜಾಸ್ತಿ ಬಿದ್ದರೆ ಯಾರಾದರೂ ಕೆದಕುತ್ತಾರೆ ಅನ್ನುವ ಹೆದರಿಕೆ ಇದ್ದಿರಬೇಕು ಅಂತ ನನಗೆ ಅನ್ನಿಸುತ್ತದೆ. ಅವರು ನುಡಿಸದೆ ಬಿಟ್ಟ ಆ ಆಲ್ಬಂಗಳ ಬಗ್ಗೆ ನಾನು ತುಂಬಾ ಸಲ ಯೋಚಿಸಿದ್ದೇನೆ.

ವೆಂಡಿ ಕಾರ್ಲೋಸ್ 1968ರಲ್ಲಿ ಮೂಗ್ ಸಿಂಥಸೈಸರ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯದಲ್ಲಿ ಬಾಖ್ ಸಂಗೀತ ನುಡಿಸಿ ರೆಕಾರ್ಡ್ ತಂದರು, ಅದಕ್ಕೆ 3 ಗ್ರ್ಯಾಮಿ ಬಂತು. ಗ್ರ್ಯಾಮಿ ಬರುವ ಹೊತ್ತಿಗೆ ಅವರು ಹೆಂಗಸಾಗಿ ಬದುಕಲು ಶುರು ಮಾಡಿದ್ದರು. ಆದರೆ ವೇದಿಕೆಗೆ ಬರುವಾಗ ವಿಗ್ ಹಾಕಿ, ಕೆನ್ನೆಗೆ ಸುಳ್ಳು ಕೂದಲು ಅಂಟಿಸಿಕೊಂಡು ಗಂಡಸಿನ ವೇಷದಲ್ಲಿ ಬರಬೇಕಾಯಿತು. ಜನರ ಮುಂದೆ ವಿಷಯ ಹೇಳಿದ್ದು 1979ರಲ್ಲಿ. ಅಷ್ಟು ಹೆದರಬೇಕಿರಲಿಲ್ಲ, ಜನ ಸಹಜವಾಗಿಯೇ ತಗೊಂಡರು ಅಂತ ಆಮೇಲೆ ಅವರೇ ಹೇಳಿಕೊಂಡರು. ಹತ್ತು ವರ್ಷ!

ಎಲ್ಲರಿಗೂ ಹಾಗೆ ಆಗಲಿಲ್ಲ, ಅದನ್ನೂ ಹೇಳಬೇಕು. ಸಾರಾ ಡೇವಿಸ್ ಬ್ಯೂಕ್ನರ್ ದೊಡ್ಡ ದೊಡ್ಡ ಆರ್ಕೆಸ್ಟ್ರಾಗಳ ಜೊತೆ ನುಡಿಸುತ್ತಿದ್ದ ಪಿಯಾನಿಸ್ಟ್. 1990ರ ದಶಕದ ಕೊನೆಯಲ್ಲಿ ಟ್ರಾನ್ಸಿಷನ್ ಆದ ಮೇಲೆ ಕರೆಗಳು ಬರುವುದು ನಿಂತುಹೋಯಿತು. ಬೆರಳು ಅದೇ, ಪಿಯಾನೊ ಅದೇ. ಮುಂದೆ ಕೆನಡಾಕ್ಕೆ ಹೋಗಿ ಕಲಿಸುವ ಕೆಲಸ ಸಿಕ್ಕ ಮೇಲೆ ಮತ್ತೆ ವೇದಿಕೆ ಸಿಗಲು ಶುರುವಾಯಿತು. ಆರ್ಕೆಸ್ಟ್ರಾಗಳಲ್ಲಿ 1970ರ ದಶಕದಿಂದ ಪರದೆ ಕಟ್ಟಿ ಆಡಿಷನ್ ಮಾಡುವ ಕ್ರಮ ಬಂದಿದೆ, ಹಿಮ್ಮಡಿಯ ಸದ್ದು ಕೇಳದ ಹಾಗೆ ನೆಲಕ್ಕೆ ಕಾರ್ಪೆಟ್ ಕೂಡ ಹಾಸುತ್ತಾರೆ. ಪರದೆ ನಮ್ಮಂಥವರಿಗೂ ಒಳ್ಳೆಯದೇ. ಆದರೆ ಅದು ಆಡಿಷನ್ ಮುಗಿಯುವವರೆಗೆ ಮಾತ್ರ. ಆಮೇಲೆ ಪಕ್ಕದ ಕುರ್ಚಿಯವರ ಜೊತೆ ವರ್ಷಗಟ್ಟಲೆ ಒಂದೇ ಸ್ಟ್ಯಾಂಡ್ ನೋಡಿಕೊಂಡು ನುಡಿಸಬೇಕು.

ತಾಳಮೇಳ

ಬ್ಯಾಂಡ್ ಉಳಿದ ಕಥೆಯೂ ಇದೆ. ಅಮೆರಿಕದ ‘ಅಗೇನ್ಸ್ಟ್ ಮೀ’ ಅನ್ನುವ ಪಂಕ್ ರಾಕ್ ಬ್ಯಾಂಡಿನ ಲಾರಾ ಜೇನ್ ಗ್ರೇಸ್ ತಾವು ಟ್ರಾನ್ಸ್ ಮಹಿಳೆ ಅಂತ 2012ರಲ್ಲಿ ಜನರ ಮುಂದೆ ಹೇಳಿದರು. ಅವರೇ ಹಾಡುವವರು, ಹಾಡು ಬರೆಯುವವರು. ಬ್ಯಾಂಡ್ ಅವರ ಜೊತೆಗೇ ಮುಂದುವರಿಯಿತು, 2014ರಲ್ಲಿ ಆ ಅನುಭವದ ಬಗ್ಗೆಯೇ ಪೂರ್ತಿ ಆಲ್ಬಂ ಬಂತು. ಅದೇ ಒರಟು ಗಂಟಲಲ್ಲೇ ಹಾಡಿದರು. ಮಂದ್ರ ಅವರು ಒಂದು ಸಲ ಕೇಳಬೇಕು.

ಹಾಡುಗಾರ ಬೆವರ್ಲಿ ಗ್ಲೆನ್-ಕೋಪ್ಲೆಂಡ್ ಅವರ ಕಥೆಯೂ ನನಗೆ ಇಷ್ಟ, ಅವರೂ ಟ್ರಾನ್ಸ್ ಪುರುಷ. 1986ರಲ್ಲಿ ಕೀಬೋರ್ಡ್, ಡ್ರಮ್ ಮೆಷಿನ್ ಇಟ್ಟುಕೊಂಡು ಒಬ್ಬರೇ ಒಂದು ಕ್ಯಾಸೆಟ್ ಮಾಡಿದರು. ಇನ್ನೂರರಷ್ಟು ಪ್ರತಿ ಮಾತ್ರ. ಸುಮಾರು 30 ವರ್ಷ ಯಾರಿಗೂ ಗೊತ್ತಾಗಲಿಲ್ಲ. ಜಪಾನಿನ ಒಬ್ಬ ರೆಕಾರ್ಡ್ ಸಂಗ್ರಹಕಾರರ ಕಣ್ಣಿಗೆ ಬಿದ್ದ ಮೇಲೆ, 70 ದಾಟಿದ ವಯಸ್ಸಿನಲ್ಲಿ, ಹೊಸ ಹುಡುಗರ ಬ್ಯಾಂಡ್ ಕಟ್ಟಿಕೊಂಡು ಊರೂರು ಸುತ್ತಿ ಹಾಡಿದರು. 2 ವರ್ಷ ಬಿಟ್ಟದ್ದು ದೊಡ್ಡದಲ್ಲ ಮಂದ್ರ ಅವರೇ.

ಫೇಡರ್

ನಾನು ಸೌಂಡ್ ಇಂಜಿನಿಯರ್. ನನ್ನ ಕೆಲಸದ ಕಡೆಯಿಂದ ಒಂದು ಮಾತು. ಮಿಕ್ಸರಿನ ಕೆಳಗಡೆ ಉದ್ದಕ್ಕೆ ಬಿಳಿ ಟೇಪ್ ಅಂಟಿಸಿ, ಯಾವ ಚಾನೆಲ್ ಯಾರದು ಅಂತ ಮಾರ್ಕರಿನಲ್ಲಿ ಬರೆಯುತ್ತೇವೆ. ಕಿಕ್, ಸ್ನೇರ್, ಬೇಸ್, ಆಮೇಲೆ ಹಾಡುವವರ ಹೆಸರು. ಕಾರ್ಯಕ್ರಮದವರು ಕೊಟ್ಟ ಪಟ್ಟಿಯಲ್ಲಿ ಹಳೆಯ ಹೆಸರು ಇದ್ದರೆ ನಾನು ಅದನ್ನೇ ಬರೆದು, ಟಾಕ್‌ಬ್ಯಾಕಿನಲ್ಲಿ (ನಾವು ವೇದಿಕೆಗೆ ಮಾತಾಡುವ ಮೈಕಿನಲ್ಲಿ) ಅದೇ ಹೆಸರು ಕೂಗುತ್ತೇನೆ. ಇಡೀ ಹಾಲಿಗೆ ಕೇಳುತ್ತದೆ. ಒಂದು ಸಲ ಹಾಗೆ ಕೂಗಿಬಿಟ್ಟೆ. ವೇದಿಕೆ ಮೇಲೆ ಆ ಹುಡುಗಿಯ ಭುಜ ಕುಗ್ಗಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆವತ್ತಿನಿಂದ ಟೇಪ್ ಅಂಟಿಸುವ ಮೊದಲು ಎಲ್ಲರ ಹತ್ತಿರ ಹೋಗಿ ‘ಏನಂತ ಬರೀಲಿ?’ ಅಂತ ಕೇಳುತ್ತೇನೆ. ಎಲ್ಲರನ್ನೂ ಕೇಳುತ್ತೇನೆ, ಒಬ್ಬರನ್ನೇ ಅಲ್ಲ.

ನೀವೂ ಸ್ವಲ್ಪ ಮುಂಚೆ ಬಂದು ನಮ್ಮ ಹತ್ತಿರ ಹೆಸರು ಹೇಳಿ. ಕೆಳಗಿನ ಧ್ವನಿಯ ಹೆಂಗಸರು ಹಾಡುವುದಾದರೆ ಅದನ್ನೂ ಹೇಳಿ. ಕೆಲವರು ಹೆಂಗಸು ಅಂದ ತಕ್ಷಣ ಕೆಳಗಿನ ಫ್ರೀಕ್ವೆನ್ಸಿ ಕತ್ತರಿಸಿಬಿಡುತ್ತಾರೆ. ಧ್ವನಿಯ ಮೈಯೇ ಹೋಗಿಬಿಡುತ್ತದೆ.

ಕಹಳೆ

ನಮ್ಮ ಸಮೂಹಗಾನದಲ್ಲೂ ಇದೇ ಜಗಳ ಆಗಿತ್ತು. ‘ಗಂಡಸರು ಈ ಕಡೆ, ಹೆಂಗಸರು ಆ ಕಡೆ’ ಅನ್ನುತ್ತಿದ್ದರು. ಈಗ ‘ಟೆನರ್, ಬೇಸ್ ಈ ಕಡೆ’ ಅನ್ನುತ್ತಾರೆ. ಬಟ್ಟೆಯೂ ಎಲ್ಲರಿಗೂ ಕಪ್ಪು, ಸೀರೆಯೋ ಪ್ಯಾಂಟೋ ಅವರವರಿಗೆ ಬಿಟ್ಟದ್ದು. ಮಾತು ಬದಲಾಯಿಸಲು ಒಂದು ನಿಮಿಷ ಸಾಕಾಯಿತು. ಒಪ್ಪಿಸಲು ಎಂಟು ತಿಂಗಳು ಬೇಕಾಯಿತು.

ಮಂದ್ರ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಹೋಗಿದ್ದೆ!

ಒಂಟಿತಂತಿ ಅಕ್ಕನ ಆ ಒಂದೇ ಸಾಲನ್ನು ಬರೆದು ಮೂರು ಬ್ಯಾಂಡಿಗೆ ಕಳಿಸಿದೆ. ಎರಡು ಕಡೆಯಿಂದ ಉತ್ತರ ಬರಲಿಲ್ಲ. ಮೂರನೆಯವರು ‘ರೆಕಾರ್ಡಿಂಗ್ ಕೇಳಿದೆವು, ಎರಡನೇ ಹಾಡಿನ ಲೈನ್ ಚೆನ್ನಾಗಿದೆ, ಭಾನುವಾರ ಬನ್ನಿ’ ಅಂತ ಬರೆದರು. ತಾಳಮೇಳ ಅವರ ಮಾತಿನಂತೆ ಎಲ್ಲಿಗೆ ಹೋಗುತ್ತಿದ್ದೇನೆ ಅಂತ ಸ್ನೇಹಿತೆಗೆ ಹೇಳಿ ಹೋದೆ. ಬಾಡಿಗೆ ರೂಮು. ಸ್ಟ್ರಾಪ್ ಎರಡು ಬೆರಳು ಇಳಿಸಿದ್ದೆ.

ಮೊದಲ ಹಾಡು ಚೆನ್ನಾಗಿ ಹೋಯಿತು. ಎರಡನೆಯದರ ಮಧ್ಯೆ ಎಡಗೈ ಸೋತು ಒಂದು ಪೂರ್ತಿ ಆವರ್ತನ ಬಿಟ್ಟುಹೋಯಿತು. ಈಗ ನಿಲ್ಲಿಸುತ್ತಾರೆ ಅಂದುಕೊಂಡೆ. ಡ್ರಮ್ಮರ್ ಹೈಹ್ಯಾಟಿನ ಮೇಲೆ ಎಣಿಕೆ ಗಟ್ಟಿ ಮಾಡಿ, ಗದ್ದ ಎತ್ತಿ ನನ್ನ ಕಡೆ ನೋಡಿದ. ‘ಒಂದು’ ಬರುವಾಗ ಒಳಗೆ ಬಂದೆ. ಹಾಡು ಮುಗಿದ ಮೇಲೆ ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ‘ಆ ಕೊನೆಯ ಸುತ್ತು ಮತ್ತೊಂದು ಸಲ ನೋಡೋಣವಾ’ ಅಂದರು, ನೋಡಿದೆವು.

ಹೊರಡುವ ಮೊದಲು ಹಾಡುವ ಹುಡುಗಿ ಕೇಳಿದಳು, ‘ಪಲ್ಲವಿಗೆ ಕೆಳಗಿನ ಸ್ವರ ಯಾರೂ ಹಿಡಿಯೋರಿಲ್ಲ. ನೀವು ಹಾಡ್ತೀರಾ?’ ನಾನು ಹೂಂ ಅನ್ನುವಷ್ಟರಲ್ಲಿ ಮೈಕ್ ಸ್ಟ್ಯಾಂಡ್ ತಂದು ಮುಂದೆ ಇಟ್ಟಳು. ಅದು ಸ್ವಲ್ಪ ಗಿಡ್ಡ ಇತ್ತು, ಅವಳೇ ತಿರುಗಿಸಿ ಎತ್ತರ ಮಾಡಿದಳು. ಹಾಡಿದೆ.

ಗುರುವಾರ ಮತ್ತೆ ಪ್ರಾಕ್ಟೀಸ್. ಅವರ ಎರಡು ಹಾಡಿಗೆ ದಪ್ಪ ತಂತಿಯನ್ನು ‘ಡಿ’ಗೆ ಇಳಿಸಬೇಕಂತೆ. ತೆಳು ತಂತಿ ಹಾಕಿದ ಮೇಲೆ ಅಷ್ಟು ಇಳಿಸಿದರೆ ಲೊಡಲೊಡ ಅನ್ನುತ್ತಿದೆ. ಒಂಟಿತಂತಿ ಅಕ್ಕ, ಆ ಒಂದು ತಂತಿ ಮಾತ್ರ ದಪ್ಪದ್ದು ಹಾಕಿದರೆ ನೆಕ್ಕಿಗೆ ಏನೂ ಆಗಲ್ಲ ಅಲ್ವಾ?